ವಾಲಿಗೆ ಬಿದ್ದ ಬೀಗ

ಅಡವಯ್ಯನ ಮಾನ ಹೋಗಲು ಒಂದು ಬೀಗ ಸಾಕಾಯಿತು. ಅದೂ ಅವನ ಮನೆಯ ಬೀಗವಲ್ಲ; ಪಂಚಾಯಿತಿಯವರು ಮಧುಗಿರಿ ಪೇಟೆಯಿಂದ ಕೊಂಡು ತಂದ ಅಂಗೈಯಗಲದ ಹಿತ್ತಾಳೆ ಬೀಗ.

ಸೀಗೆಪಾಳ್ಯದಲ್ಲಿ ಇದ್ದದ್ದು ಎರಡೇ ಬೀದಿ. ಗುಡ್ಡದ ಕಡೆಗೆ ಏರುವುದು ಮೇಲ್ಬೀದಿ, ಕೆರೆಯ ಕಡೆಗೆ ಇಳಿಯುವುದು ಕೆಳಬೀದಿ. ಊರಿಗೆ ಟ್ಯಾಂಕು, ನಲ್ಲಿ ಬಂದು ಆರು ವರ್ಷವಾಗಿತ್ತು. ನೀರು ಹೇಳಿಕೇಳಿ ಇಳಿಜಾರಿಗೆ ಓಡುವ ಪದಾರ್ಥ. ಕೆಳಬೀದಿಯ ಪೈಪು ತೆರೆದಿದ್ದರೆ ಮೇಲ್ಬೀದಿಯ ನಲ್ಲಿಗಳು ಮುದುಕರ ಹಾಗೆ ಬರೀ ಕೆಮ್ಮುತ್ತಿದ್ದವು. ಅದಕ್ಕೇ ಪಂಚಾಯಿತಿಯವರು ಒಂದು ದಿನ ಆ ಬೀದಿಗೆ, ಒಂದು ದಿನ ಈ ಬೀದಿಗೆ ಎಂದು ಸರದಿ ಮಾಡಿದ್ದರು. ಅರಳಿಕಟ್ಟೆಯ ಪಕ್ಕದ ಗುಂಡಿಯಲ್ಲಿ, ಚಪ್ಪಡಿ ಕಲ್ಲಿನ ಕೆಳಗೆ, ಕೆಳಬೀದಿಯ ಪೈಪಿನ ವಾಲು ಇತ್ತು. ಮೇಲ್ಬೀದಿಯ ದಿನ ಅದರ ಚಕ್ರವನ್ನು ಹನ್ನೆರಡು ಸುತ್ತು ತಿರುಗಿಸಿ ಮುಚ್ಚಬೇಕು; ಕೆಳಬೀದಿಯ ದಿನ ಹನ್ನೆರಡು ಸುತ್ತು ತಿರುಗಿಸಿ ತೆರೆಯಬೇಕು. ಈ ಹನ್ನೆರಡು ಸುತ್ತಿಗಾಗಿ ಪಂಚಾಯಿತಿ ಇಟ್ಟುಕೊಂಡಿದ್ದ ಮನುಷ್ಯನೇ ವಾಲ್‌ಮನ್ ಅಡವಯ್ಯ.

ಕೆಲಸದಲ್ಲಿ ಅಡವಯ್ಯ ಕಟ್ಟುನಿಟ್ಟು. ಪೈಪು ಹಾಕಲು ಬಂದಿದ್ದ ಫಿಟ್ಟರು ಹನ್ನೆರಡು ಎಂದು ಹೇಳಿಕೊಟ್ಟು ಹೋಗಿದ್ದ. ಹನ್ನೊಂದಾಗಲಿ ಹದಿಮೂರಾಗಲಿ ಅಡವಯ್ಯ ಒಂದು ದಿನವೂ ತಿರುಗಿಸಿದವನಲ್ಲ. ಹೀಗಿದ್ದರೂ ಮೇಲ್ಬೀದಿಯ ಸರದಿಯ ದಿನ ಕೆಳಬೀದಿಯಲ್ಲೂ ನೀರು ಬರತೊಡಗಿ ವರ್ಷವಾಗುತ್ತ ಬಂದಿತ್ತು. ಯಾರೋ ಕದ್ದು ವಾಲು ತಿರುಗಿಸುತ್ತಿದ್ದಾರೆ ಎಂಬುದರಲ್ಲಿ ಮೇಲ್ಬೀದಿಯವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಕೆಳಬೀದಿಯವರು ಆ ಮಾತು ಬಂದಾಗಲೆಲ್ಲ ಮಳೆ ಬೆಳೆಯ ವಿಚಾರ ಎತ್ತುತ್ತಿದ್ದರು.

ಕೊನೆಗೆ ಮೇಲ್ಬೀದಿಯ ಗೌರಕ್ಕ ಹತ್ತು ಹೆಂಗಸರನ್ನು ಕಟ್ಟಿಕೊಂಡು ಹೋಗಿ ಪಂಚಾಯಿತಿ ಆಫೀಸಿನ ಬಾಗಿಲಿಗೆ ಖಾಲಿ ಬಿಂದಿಗೆಗಳನ್ನು ಜೋಡಿಸಿಟ್ಟಳು. ಛೇರ್ಮನ್ ಚನ್ನಮಲ್ಲಯ್ಯ ಬಿಂದಿಗೆಗಳನ್ನು ದಾಟಿಕೊಂಡೇ ಒಳಗೆ ಹೋಗಬೇಕಾಯಿತು. ಎರಡು ತಿಂಗಳಿಗೆ ಎಲೆಕ್ಷನ್ನು ಬೇರೆ ಇತ್ತು. ಬೀಗ, ಸರಪಳಿ ಬಂದದ್ದು ಹಾಗೆ.

ಸೋಮವಾರ ಬೆಳಿಗ್ಗೆ, ಮೇಲ್ಬೀದಿಯ ಸರದಿ. ಊರವರೆಲ್ಲ ಗುಂಡಿಯ ಸುತ್ತ ನಿಂತಿದ್ದಾಗ ಅಡವಯ್ಯ ಒಳಗಿಳಿದು ಜೋರಾಗಿ ಎಣಿಸುತ್ತ ಹನ್ನೆರಡು ಸುತ್ತು ಮುಚ್ಚಿದ. ಚಕ್ರಕ್ಕೆ ಸರಪಳಿ ಸುತ್ತಿ ಬೀಗ ಒತ್ತಿದ.

"ನೋಡ್ರಪ್ಪಾ, ಕೀ ಇರೋದು ಒಂದೇ," ಎಂದು ಚನ್ನಮಲ್ಲಯ್ಯ ಸಾರಿದ. "ಅದು ಅಡವಯ್ಯನ ಉಡುದಾರದಾಗೆ ಇರ್ತೈತೆ. ಇನ್ಮ್ಯಾಕೆ ಯಾವನು ತಿರುಗ್ಸ್ತಾನೋ ನಾನೂ ನೋಡ್ತೀನಿ."

ಅಡವಯ್ಯನ ಎದೆ ಉಬ್ಬಿತು. ಅವತ್ತೇ ಸಂಜೆ ಓವರ್ಸಿಯರು ಬರುವವರಿದ್ದರು. ಅವರು ನೋಡಿ ಎಲ್ಲ ಸರಿಯಾಗಿದೆ ಎಂದು ಬರೆದರೆ ಅಡವಯ್ಯನ ಕೆಲಸ ಖಾಯಂ ಆಗುವುದಿತ್ತು. ಆರು ವರ್ಷದಿಂದ ಅವನು ಕಾಯುತ್ತಿದ್ದದ್ದು ಅದೊಂದಕ್ಕೇ. ಆ ವಾರವೆಲ್ಲ ನಿದ್ದೆಯಲ್ಲೂ 'ಖಾಯಂ, ಖಾಯಂ' ಎಂದು ಕನವರಿಸುತ್ತಿದ್ದನಂತೆ. ಅವನ ಹೆಂಡತಿ ಮಾರಕ್ಕನೇ ಹೇಳಿದ್ದು.

ಏಳು ಗಂಟೆಗೆ ಟ್ಯಾಂಕಿನಿಂದ ನೀರು ಬಿಟ್ಟರು. ಹತ್ತು ನಿಮಿಷವಾಗಿತ್ತೋ ಇಲ್ಲವೋ, ಗೌರಕ್ಕ ಕೂಗಿಕೊಂಡು ಬಂದಳು.

"ನನ್ ನಲ್ಲೀಲಿ ಇಲಿ ಬಾಲ್ದಂಗೆ ಬತ್ತಾ ಐತೆ! ಕೆಳಗೆ ಹೋಗಿ ನೋಡ್ರಿ, ಧೋ ಅಂತ ಸುರೀತೈತೆ!"

ಎಲ್ಲರೂ ಗುಂಡಿಗೆ ಓಡಿದರು. ಚಪ್ಪಡಿ ಸರಿಸಿದರೆ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಸರಪಳಿ ಒಂದಿಷ್ಟೂ ಕದಲಿರಲಿಲ್ಲ. ಸುತ್ತ ನಿಂತಿದ್ದವರ ಕಣ್ಣುಗಳೆಲ್ಲ ಬೀಗದಿಂದ ಮೇಲೆದ್ದು ಅಡವಯ್ಯನ ಸೊಂಟದ ಮೇಲೆ ನೆಟ್ಟವು.

"ಕೀ ಒಂದೇ ಅಲ್ವಾ?" ಎಂದಳು ಗೌರಕ್ಕ.

ಅಡವಯ್ಯ ಹೌದೆಂದು ತಲೆಯಾಡಿಸಿದ.

"ನಿಮ್ಮತ್ತೆ ಮನೆ ಯಾವ್ ಬೀದೀಲೈತೆ ಅಡವಯ್ಯ?"

ಅತ್ತೆ ಚಿಕ್ಕಹನುಮಕ್ಕನ ಮನೆ ಕೆಳಬೀದಿಯ ಮೂರನೆಯದು ಎಂಬುದು ಊರಿನ ನಾಯಿಗೂ ಗೊತ್ತಿತ್ತು. ಅಡವಯ್ಯನ ಕಿವಿ ಕಾದ ಹೆಂಚಿನಂತಾಯಿತು. ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಮಾರಮ್ಮನಾಣೆ ನಾನಲ್ಲ ಕಣಕ್ಕ! ತಗಳ್ರಿ ಛೇರ್ಮನ್ರೆ, ಕೀ ನಿಮ್ಮತ್ರಾನೇ ಇರ್ಲಿ. ಸಾಯಂಕಾಲ ನೀರು ಬಿಡೋವಾಗ ಚಪ್ಪಡಿ ಮ್ಯಾಲೆ ನಾನೇ ಕುಂತ್ಕತೀನಿ. ಆಗ್ಲೂ ನೀರು ಕೆಳಕ್ಕೋದ್ರೆ ಕೇಳ್ರಿ."

ಸಂಜೆಯವರೆಗಿನ ಹೊತ್ತನ್ನು ಅವನು ಹೇಗೆ ಕಳೆದನೋ ಅವನಿಗೇ ಗೊತ್ತು. ಹೋಟೆಲಿಗೆ ಟೀ ಕುಡಿಯಲು ಹೋದರೆ ಹೋಟೆಲಿನವನು ನಗುನಗುತ್ತಲೇ ಗಲ್ಲಾಪೆಟ್ಟಿಗೆಯನ್ನು ಒಳಗೆ ತೆಗೆದಿಟ್ಟು ಬಂದ. ದೇವಸ್ಥಾನದ ಜಗಲಿಯಲ್ಲಿ ಕೂತರೆ ಪೂಜಾರಿ ಎದ್ದು ಹೋಗಿ ಹುಂಡಿಯ ಬೀಗವನ್ನು ಎರಡು ಸಲ ಜಗ್ಗಿ ನೋಡಿದ. ಒಂದು ಹನಿ ನೀರು ಕದಿಯದೆ ಅಡವಯ್ಯ ಮಧ್ಯಾಹ್ನದೊಳಗೆ ಊರಿಗೆಲ್ಲ ಕಳ್ಳನಾಗಿದ್ದ.

ಮನೆಗೆ ಹೋದರೆ ಮಾರಕ್ಕ ಬಾಗಿಲು ಹಾಕಿಕೊಂಡು ಪಿಸುಗುಟ್ಟಿದಳು.

"ನಿಜ ಹೇಳು. ನೀನೇ ತಿರುಗ್ಸಿದ್ದಾ?"

"ಇಲ್ಲ ಕಣೇ. ನಿನ್ನಾಣೆಗೂ ಇಲ್ಲ."

ಮಾರಕ್ಕನ ಮುಖ ಬಾಡಿತು. "ಒಂದ್ ವರ್ಷದಿಂದ ನಮ್ಮವ್ವಂಗೆ ನೀನೇ ಕದ್ದು ನೀರು ಬುಡ್ತಿದ್ದೀಯ ಅಂದ್ಕಂಡಿದ್ದೆ," ಎಂದಳು. "ಅಷ್ಟೂ ಮಾಡ್ಲಿಲ್ವಾ ನೀನು?" ಎಂದು ಅವನಿಗೆ ಬೆನ್ನು ಹಾಕಿ ರಾಗಿ ಬೀಸಲು ಕೂತಳು. ಕದ್ದಿಲ್ಲ ಎನ್ನುವುದಕ್ಕೂ ಮನೆಯಲ್ಲಿ ಬೈಸಿಕೊಳ್ಳಬೇಕಾಗುತ್ತದೆ ಎಂದು ಅಡವಯ್ಯ ಕನಸಿನಲ್ಲೂ ಎಣಿಸಿರಲಿಲ್ಲ.

ನಾಲ್ಕು ಗಂಟೆಗೆ ಅವನು ಚಪ್ಪಡಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ. ಕೊರಟಗೆರೆ ಕಡೆಯ ಬಸ್ಸಿನಿಂದ ಓವರ್ಸಿಯರ್ ನಾಗಲಿಂಗಯ್ಯ ಇಳಿದು ಬಂದರು. ಟ್ಯಾಂಕಿನಿಂದ ನೀರು ಬಿಟ್ಟರು. ಊರು ಮತ್ತೆ ಗುಂಡಿಯ ಸುತ್ತ ನೆರೆಯಿತು.

ಕೆಳಬೀದಿಯ ಕಡೆಯಿಂದ, ಸೊಂಟದ ಮೇಲೆ ತುಳುಕುವ ಬಿಂದಿಗೆ ಹೊತ್ತು, ಚಿಕ್ಕಹನುಮಕ್ಕನೇ ನಡೆದು ಬಂದಳು. ಊರಲ್ಲಿ ಎದ್ದಿದ್ದ ಗಲಾಟೆ, ಕಿವಿ ಮಂದವಾಗಿದ್ದ ಮುದುಕಿಗೆ ಗೊತ್ತಿರಲಿಲ್ಲ. ಅಳಿಯ ಕಲ್ಲಿನ ಮೇಲೆ ಕೂತಿರುವುದನ್ನು ಕಂಡು ಸೆರಗು ಸರಿಮಾಡಿಕೊಂಡಳು.

"ಬಿಸಿಲಾಗೆ ಯಾಕ್ ಕುಂತಿದ್ದೀರಾ ಅಳೀಮಯ್ಯ? ನೀರು ಚೆನ್ನಾಗಿ ಬತ್ತಾ ಐತೆ. ನಮ್ಗೆ ಇಷ್ಟು ಸಾಕು, ಎದ್ದೋಗ್ರಿ ಮನೀಗೆ."

ಮೇಲ್ಬೀದಿಯವರು ಒಟ್ಟಿಗೇ ಬಾಯಿ ಬಿಟ್ಟರು. ಆ ಗದ್ದಲದಲ್ಲಿ ಅಡವಯ್ಯ ಕೂತಲ್ಲೇ ಕುಗ್ಗಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ನಾಗಲಿಂಗಯ್ಯನವರಿಗೆ ಏನೋ ಅನುಮಾನ ಬಂತು. ಅವರು ಕಿವಿಯಲ್ಲಿ ಹೇಳಿದ್ದನ್ನು ಕೇಳಿ ಚನ್ನಮಲ್ಲಯ್ಯ ಜನರನ್ನೆಲ್ಲ ಪಂಚಾಯಿತಿ ಆಫೀಸಿನ ಮುಂದಕ್ಕೆ ಅಟ್ಟಿದ. ಗುಂಡಿಯ ಹತ್ತಿರ ಮೂವರೇ ಉಳಿದರು. ಬೀಗ ತೆಗೆದಾಯಿತು.

"ಮುಚ್ಚಿದೆ ಅಂತೀಯಲ್ಲ, ಇನ್ನೂ ಸ್ವಲ್ಪ ಮುಚ್ಚು ನೋಡೋಣ," ಎಂದರು ನಾಗಲಿಂಗಯ್ಯ.

"ಹನ್ನೆರಡು ಆಗ್ಬುಟ್ಟೈತೆ ಸಾರ್."

"ಆಗಲಿ, ತಿರುಗಿಸು."

ಅಡವಯ್ಯ ಹಿಂಜರಿಯುತ್ತ ಹದಿಮೂರನೆಯ ಸುತ್ತು ತಿರುಗಿಸಿದ. ಚಕ್ರ ಬೆಣ್ಣೆಯಂತೆ ತಿರುಗಿತು. ಹದಿನಾಲ್ಕು, ಇಪ್ಪತ್ತು, ಮೂವತ್ತು. ನಲವತ್ತಕ್ಕೆ ಅವನ ಕೈ ಸೋತಿತೇ ಹೊರತು ಚಕ್ರ ನಿಲ್ಲಲಿಲ್ಲ.

"ಒಳಗಿನ ಕಡ್ಡಿ ಮುರಿದುಹೋಗಿದೆ ಕಣಯ್ಯ," ಎಂದರು ನಾಗಲಿಂಗಯ್ಯ. "ನೀರು ತಡೆಯುವ ಬಿಲ್ಲೆ ಅರ್ಧ ತೆರೆದ ಹಾಗೇ ಸಿಕ್ಕಿಕೊಂಡಿದೆ. ಯಾವಾಗಿನಿಂದ ಹೀಗೆ ಸಲೀಸಾಗಿ ತಿರುಗ್ತಿದೆ?"

"ಹೋದ್ ಸಂಕ್ರಾಂತಿಯಿಂದ ಸಾರ್," ಎಂದ ಅಡವಯ್ಯ ಸಣ್ಣ ದನಿಯಲ್ಲಿ. "ನಾನು ಹೊಂಗೆ ಎಣ್ಣೆ ಬುಟ್ಟಿದ್ದೆ. ಅದ್ಕೇ ಅಂದ್ಕಂಡೆ."

ಮೊದಲು ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ತಾನು ಕಳ್ಳನಲ್ಲ! ಯಾರೂ ಕಳ್ಳರಲ್ಲ! ಆಮೇಲೆ ನಿಧಾನವಾಗಿ ಇನ್ನೊಂದು ಅರ್ಥವಾಯಿತು. ಒಂದು ವರ್ಷ ಅವನು ಪ್ರತಿದಿನವೂ ಗುಂಡಿಗಿಳಿದು, ಗಟ್ಟಿಯಾಗಿ ಎಣಿಸಿ, ಬೆವರು ಒರೆಸಿಕೊಂಡು, ಏನನ್ನೂ ಮುಚ್ಚಿರಲಿಲ್ಲ, ಏನನ್ನೂ ತೆರೆದಿರಲಿಲ್ಲ. ಕಳ್ಳ ಎನ್ನಿಸಿಕೊಂಡಾಗ ಆಗದಿದ್ದಷ್ಟು ನಾಚಿಕೆ ಅವನಿಗೆ ಈಗ ಆಯಿತು.

"ನಡೀರಿ ಸಾರ್, ಜನಕ್ಕೆ ಹೇಳ್ಬುಡಾನ," ಎಂದ.

ಓವರ್ಸಿಯರೂ ಛೇರ್ಮನ್ನೂ ಮುಖ ಮುಖ ನೋಡಿಕೊಂಡರು.

"ವಾಲು ಕೆಟ್ಟಿದೆ ಅಂತ ಬರೆದೆ ಅನ್ನು. ಒಂದು ವರ್ಷ ವಾಲ್‌ಮನ್ ಏನು ತಿರುಗಿಸ್ತಿದ್ದ ಅಂತ ಮೇಲಿನವರು ಕೇಳ್ತಾರೆ. ನಿನ್ನ ಖಾಯಂ ಅಲ್ಲಿಗೆ ಮುಗೀತು," ಎಂದರು ನಾಗಲಿಂಗಯ್ಯ. ಆಮೇಲೆ ಕೆಮ್ಮಿ, "ಆರು ತಿಂಗಳ ಹಿಂದೆ ವಾಲು ಪರೀಕ್ಷಿಸಿದ್ದೇನೆ ಅಂತ ನಾನೂ ಸೈನು ಹಾಕಿದ್ದೆ. ಆವತ್ತು ಬಸ್ಸಿಗೆ ಹೊತ್ತಾಗಿತ್ತು," ಎಂದರು.

"ಕೆಳಬೀದಿಯೋರು ಕಳ್ಳರು ಅಂತ ನಾನು ಮೇಲ್ಬೀದಿ ತುಂಬಾ ಭಾಷಣ ಮಾಡಿವ್ನಿ ಕಣ್ಲಾ," ಎಂದ ಚನ್ನಮಲ್ಲಯ್ಯ. "ಈಗ ವಾಲೇ ಕೆಟ್ಟೈತೆ ಅಂದ್ರೆ ನಂಗೆ ವೋಟು ಯಾರ್ಲಾ ಹಾಕ್ತಾರೆ? ನೋಡು, ಸಾಹೇಬ್ರು ಎಲ್ಲಾ ಸರಿಯಾಗೈತೆ ಅಂತ ಬರೀಬೇಕು, ನಿಂಗೆ ಖಾಯಂ ಆಗ್ಬೇಕು ತಾನೆ? ಒಂದ್ ಕೆಲ್ಸ ಮಾಡು. ನಾನು ಗುಟ್ಟಾಗಿ ಹೊಸಾ ವಾಲು ಹಾಕ್ಸೋಗಂಟ ನೀನೇ ಕದ್ದೆ ಅಂತ ಒಪ್ಕೋ."

"ನಾನು ಮ್ಯಾಲೆ ಕುಂತಿದ್ನಲ್ಲ, ಕೀ ನಿಮ್ಮತ್ರ ಇತ್ತಲ್ಲ ಛೇರ್ಮನ್ರೆ!"

"ಇನ್ನೊಂದ್ ಕೀ ಮಾಡಿಸ್ಕಂಡಿದ್ದೆ ಅನ್ನು. ಮೊದ್ಲೇ ತೆರೆದಿಟ್ಟು ಬೀಗ ಹಾಕ್ಬುಟ್ಟಿದ್ದೆ. ಅತ್ತೆ ಮನೆ ಮ್ಯಾಲಿನ ಪ್ರೀತಿಗೆ ಮಾಡ್ದೆ ಅನ್ನು, ಜನ ನಂಬ್ತಾರೆ. ಇನ್ಮುಂದೆ ನೀರು ಕೆಳಕ್ಕೋದಾಗೆಲ್ಲ ಅರಳಿಕಟ್ಟೆ ಮುಂದೆ ನಾನು ಉಗೀತೀನಿ, ನೀನು ತಲೆ ಬಗ್ಗಿಸ್ಕಂಡು ನಿಂತ್ಕೋ. ಅಷ್ಟೇಯ."

ಅಡವಯ್ಯ ಗುಂಡಿಯೊಳಗೇ ನಿಂತು ಆ ಚಕ್ರವನ್ನು ಇನ್ನೊಂದು ಸುತ್ತು ತಿರುಗಿಸಿ ನೋಡಿದ. ಆರು ವರ್ಷ ಕಾದದ್ದು ನೆನಪಾಯಿತು. ಮೇಲೆ ಹತ್ತಿ ಬಂದು ಆಗಲಿ ಎಂದು ತಲೆಯಾಡಿಸಿದ.

ಪಂಚಾಯಿತಿ ಆಫೀಸಿನ ಮುಂದೆ ಅವನು ಹೇಳಿಕೊಟ್ಟ ಹಾಗೇ ಇನ್ನೊಂದು ಕೀಯ ಕಥೆ ಒಪ್ಪಿಸಿ, ಕೈ ಮುಗಿದು, "ತಪ್ಪಾಯ್ತು, ಹೊಟ್ಟೆಗಾಕ್ಕಳ್ರಪ್ಪ," ಎಂದ. ಚನ್ನಮಲ್ಲಯ್ಯ ಕಣ್ಣು ಕೆಂಪಗೆ ಮಾಡಿ, ನಿಜವಾಗಿಯೂ ಸಿಟ್ಟು ಬಂದವನಂತೆ, ಅಡವಯ್ಯನ ಏಳು ತಲೆಮಾರನ್ನು ಜಾಲಾಡಿದ. ಹೆಂಡತಿ ಮಕ್ಕಳ ಮುಖ ನೋಡಿ ಕೆಲಸದಿಂದ ತೆಗೆಯುವುದಿಲ್ಲ ಎಂದೂ ಸೇರಿಸಿದ. ಜನ ಛೇರ್ಮನ್ನರ ದೊಡ್ಡ ಮನಸ್ಸಿಗೆ ತಲೆದೂಗಿದರು. ಅಡವಯ್ಯ ನೆಲ ನೋಡಿಕೊಂಡು ಮನೆ ಸೇರಿದ.

ಮನೆಯಲ್ಲಿ ಬಿಸಿ ಮುದ್ದೆ ಕಾದಿತ್ತು. ಮಾರಕ್ಕ ಕಣ್ಣೊರೆಸಿಕೊಳ್ಳುತ್ತ ಸಾರಿಗೆ ಮೇಲೊಂದು ಸೌಟು ತುಪ್ಪ ಹಾಕಿದಳು.

"ನಮ್ಮವ್ವಂಗೋಸ್ಕರ ಊರ್ ಮುಂದೆಲ್ಲ ಉಗಿಸ್ಕಂಡ್ಯಲ್ಲ! ಮಧ್ಯಾನ ನನ್ನತ್ರಾನೂ ಬಾಯಿ ಬುಡ್ಲಿಲ್ಲ. ನಿನ್ನಂಥ ಗಂಡ ಯಾರ್ಗೈತೆ?"

ನಿಜ ಹೇಳಿಬಿಡಲೆಂದು ಅಡವಯ್ಯ ಬಾಯಿ ತೆರೆದ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳು ಹಾಗೆ ನೋಡಿದ್ದು ಇದೇ ಮೊದಲು. ತೆರೆದ ಬಾಯಿಗೆ ಮುದ್ದೆಯನ್ನೇ ಇಟ್ಟುಕೊಂಡ. ಉಗಿಸಿಕೊಂಡಾಗಿನ ನಾಚಿಕೆಯನ್ನಾದರೂ ಹೇಗೋ ನುಂಗಿದ್ದ. ಈ ತುಪ್ಪ ಗಂಟಲಲ್ಲಿ ಇಳಿಯಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಗೌರಕ್ಕ ನಿಂತಿದ್ದಳು. ಇನ್ನಷ್ಟು ಬೈಗುಳಕ್ಕೆ ಅಡವಯ್ಯ ತಲೆ ಬಗ್ಗಿಸಿ ಸಿದ್ಧನಾದ. ಆದರೆ ಅವಳು ಅತ್ತಿತ್ತ ನೋಡಿ, ಸೆರಗಿನ ಮರೆಯಿಂದ ಒಂದು ಹುಂಜ ಹೊರಗೆ ತೆಗೆದಳು.

"ಆಗಿದ್ದು ಆಗೋಯ್ತು ಬುಡಪ್ಪ," ಎಂದಳು ಜೇನಿನಂಥ ದನಿಯಲ್ಲಿ. "ಆ ಇನ್ನೊಂದ್ ಕೀ ಐತಲ್ಲ, ಅದ್ರಾಗೆ ಒಸಿ ನಮ್ ಕಡೀಕೂ ತಿರುಗ್ಸು."

"ಗೌರಕ್ಕ, ಮಾರಮ್ಮನಾಣೆ, ನನ್ನತ್ರ ಯಾವ್ ಕೀನೂ ಇಲ್ಲ!"

"ಬೆಳಗ್ಗೇನೂ ಇಂಗೇ ಆಣೆ ಇಟ್ಟಿದ್ದೆ ಅಲ್ವಾ?" ಎಂದು ಅವಳು ನಕ್ಕಳು. ಅವಳ ಹಿಂದೆ, ಕತ್ತಲಲ್ಲಿ, ಮೇಲ್ಬೀದಿಯ ಇನ್ನೂ ಆರೇಳು ಹೆಂಗಸರು ನಿಂತಿದ್ದರು. ಒಬ್ಬಳ ಮೊರದಲ್ಲಿ ಅವರೆಕಾಯಿ, ಒಬ್ಬಳ ಕೈಯಲ್ಲಿ ಬೆಲ್ಲದ ಅಚ್ಚು. ಎಲ್ಲರೂ ನಲ್ಲಿಯ ಮುಂದೆ ನಿಲ್ಲುವ ಹಾಗೆ ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತಿದ್ದರು.

ಅಡವಯ್ಯ ಬೇಡವೆನ್ನಲು ಎರಡೂ ಕೈ ಎತ್ತುವಷ್ಟರಲ್ಲಿ ಮಾರಕ್ಕ ಒಳಗಿನಿಂದ ಬಂದು ಹುಂಜವನ್ನು ಇಸಿದುಕೊಂಡಳು.

"ನೀನು ಹೋಗಕ್ಕ ಗೌರಕ್ಕ," ಎಂದಳು ಹೆಮ್ಮೆಯಿಂದ. "ನಾಳಿದ್ದು ನಿಮ್ ಬೀದೀಗೂ ಧೋ ಅಂತ ಬುಡಿಸ್ತೀನಿ. ನಮ್ಮೆಜಮಾನ್ರು ಮಾತು ಕೊಟ್ರೆ ತಪ್ಪೋರಲ್ಲ."

ಮುಂದಿನವಳು ಮೊರ ಹಿಡಿದುಕೊಂಡು ಬಾಗಿಲಿಗೆ ಬಂದಳು. ಅಡವಯ್ಯ ಎತ್ತಿದ ಕೈ ಇಳಿಸಲು ಮರೆತು ಹುಂಜದ ಮುಖ ನೋಡುತ್ತ ನಿಂತ. ಅದೂ ಮಾರಕ್ಕನ ಕಂಕುಳಿನಿಂದ ಅವನನ್ನೇ ನೋಡುತ್ತಿತ್ತು.