ಮೂರು ಬೆರಳು ಎತ್ತರ

ಶ್ರೀಮಂತನ ಪಿಕಪ್ ಗಾಡಿಯ ಹೊಟ್ಟೆ ಬೆಳಿಗ್ಗೆ ಗುರುಪಾದಯ್ಯನವರ ದಿಬ್ಬಕ್ಕೆ ಕೆರೆದುಕೊಂಡಿತು. ಆ ದಿನದ ರಾಮಾಯಣಕ್ಕೆಲ್ಲ ಅದೇ ಮೂಲ.

ಘೋಣಸಗಿಯ ಆ ದ್ರಾಕ್ಷಿ ತೋಟದ ದಾರಿಗೆ ಅಡ್ಡಲಾಗಿ ನೀರಿನ ಪೈಪು ಹಾಯ್ದಿದೆ. ಅದು ಒಡೆಯಬಾರದೆಂದು ಪಕ್ಕದಲ್ಲೇ ಮಣ್ಣು ಅಗೆದು, ಮೇಲೆ ಸುರಿದು ದಿಬ್ಬ ಮಾಡಿದ್ದಾರೆ. ಗಾಡಿ ದಿಬ್ಬ ಏರುವುದೇನೋ ಏರಿತು. ನೆತ್ತಿಯ ಮೇಲೆ ಹೋಗಿ, ತತ್ತಿಗೆ ಕೂತ ಕೋಳಿಯ ಹಾಗೆ ಕೂತುಬಿಟ್ಟಿತು. ಕೆಳಗಿನಿಂದ ಬಂದ ಕರ್ರ್ ಸದ್ದಿಗೆ ದ್ರಾಕ್ಷಿ ಕೊಯ್ಯುತ್ತಿದ್ದ ಹೆಂಗಸರೆಲ್ಲ ಹಲ್ಲು ಕಚ್ಚಿದರು.

ತೋಟದ ಧಣಿ ಗುರುಪಾದಯ್ಯ ಓಡಿ ಬಂದು ಮೊದಲು ಪೈಪು ನೋಡಿದರು, ಆಮೇಲೆ ಗಾಡಿ ನೋಡಿದರು, ಕಡೆಗೆ ಶ್ರೀಮಂತನನ್ನು ನೋಡಿದರು.

“ಪೈಪ್ ಒಡದಿತ್ತಂದ್ರ ನಿನ್ನ ಅದರಾಗ ತುರುಕಿ ನೀರು ಬಿಡತಿದ್ದೆ. ನೋಡಪಾ, ಹೊತ್ತು ಇಳಿಯೂದ್ರಾಗ ದಿಬ್ಬಕ್ಕ ಮುಟ್ಟಲಾರದಂಗ ಗಾಡಿ ದಾಟಿಸಿ ತೋರಸು. ಸುಗ್ಗಿ ಮುಗಿಯೂತನಾ ಬಾಡಿಗಿ ನಿಂದು. ಇಲ್ಲಾಂದ್ರ ತಿಕೋಟಾದ ರಾಹುಲನ್ನ ಕರೀತೀನಿ.”

“ಅವನ ಗಾಡಿನೂ ನಂದರಂಗ ಐತ್ರಲ್ಲ, ಅಯ್ನೋರ!”

“ಅವ ಹ್ಯಾಂಗರ ದಾಟಸ್ತಾನ. ನಿನ್ನಂಗ ಮ್ಯಾಲ ಹೋಗಿ ಕೂಡಂಗಿಲ್ಲ.”

ತೋಟದಿಂದ ಒಣದ್ರಾಕ್ಷಿ ಶೆಡ್ಡಿಗೆ ಹಣ್ಣು ಸಾಗಿಸುವ ಈ ಬಾಡಿಗೆ ನಂಬಿಕೊಂಡು ಶ್ರೀಮಂತ ಬಬಲೇಶ್ವರದ ಉಳ್ಳಾಗಡ್ಡಿ ವ್ಯಾಪಾರಿಗೆ “ನನಗ ಪುರಸೊತ್ತಿಲ್ಲ” ಎಂದು ಮೀಸೆ ತಿರುವಿ ಹೇಳಿ ಬಂದಿದ್ದ. ಇದೂ ಹೋದರೆ ಬೇಸಿಗೆ ಪೂರ್ತಿ ಮೀಸೆ ತಿರುವುವುದೊಂದೇ ಕೆಲಸ.

ದೂಡಿಸಿ ದಿಬ್ಬದಿಂದ ಹಿಂದಕ್ಕಿಳಿಸಿದ ಗಾಡಿ ವಿಜಯಪುರದ ಕಡೆ ಹೊರಟಿತು. ಊರ ಬಾಗಿಲಲ್ಲೇ ಸಂಗಣ್ಣ ಹತ್ತಿ ಕೂತ. ಸಂಗಣ್ಣ ಅಂದರೆ ಪಕ್ಕದ ಮನೆಯ ರಿಟೈರ್ಡ್ ಬಸ್ ಡ್ರೈವರ್. ಪಟ್ಟಣದ ಕಡೆ ಯಾವ ಗಾಡಿ ಮೂತಿ ತಿರುಗಿಸಿದರೂ ಅದರಲ್ಲಿ ಅವನಿಗೊಂದು ಸೀಟು ಇದ್ದೇ ಇರುತ್ತದೆ. ಕರೆಯಬೇಕಾಗಿಲ್ಲ.

ಅಥಣಿ ರಸ್ತೆಯ ಗ್ಯಾರೇಜಿನಲ್ಲಿ ಬಾಬುಸಾಬ ಗಾಡಿಯ ಕೆಳಗೆ ಮಲಗಿ ನೋಡಿ ಹೊರಗೆ ಬಂದ.

“ಸ್ಪೇಸರ್ ಹಾಕೂಣು. ಮುಂದ ಸ್ಪ್ರಿಂಗಿನ ಮ್ಯಾಲ ಒಂದೊಂದು ಕಬ್ಬಿಣದ ಬಿಲ್ಲೆ, ಹಿಂದ ಪಾಟಾ ಸ್ಪ್ರಿಂಗಿನ ಕೆಳಗ ಒಂದೊಂದು ಗಟ್ಟಿ. ಗಾಡಿ ಎರಡು ಬೆರಳು ಮ್ಯಾಲ ಏಳತೈತಿ.”

“ನಾಕು ಬೆರಳು ಏರಸು, ಉಸ್ತಾದ,” ಎಂದ ಶ್ರೀಮಂತ.

“ತಡಿಯಲೇ!” ಸಂಗಣ್ಣ ನಡುವೆ ಬಾಯಿ ಹಾಕಿದ. “ಇದು ಸೇಫ್ ಏನೋ ಬಾಬು? ಬ್ರೇಕ್ ಪೈಪ್ ಎಳಕೊಂಡು ಹರೀತಾವು. ಶಾಫ್ಟ್ ಸೊಟ್ಟ ಆಕ್ಕೈತಿ. ಮೂಲಿ ತಿರುಗುವಾಗ ಗಾಡಿ ಹೊಳ್ಳಿ ಬೀಳತೈತಿ.”

ಬಾಬುಸಾಬನಿಗೆ ಸಿಟ್ಟು ಬಂತು. ಅವನ ಸಿಟ್ಟು ನೋಡುವಂಥದ್ದು. ಕೈಯಲ್ಲಿ ಸ್ಪ್ಯಾನರ್ ಎತ್ತಿಕೊಂಡೇ ಮಾತಾಡುತ್ತಾನೆ.

“ಹಲಗಿ ತುಂಡು, ಮೂರಾಬಟ್ಟಿ ನಟ್ಟು ಹಾಕಿದ್ರ ಎಲ್ಲಾನೂ ಆಕ್ಕೈತಿ. ಗಟ್ಟಿ ಮಾಲು, ಉದ್ದನ ಬೋಲ್ಟು ಹಾಕಿ, ಗಾಲಿ ಅಲೈನ್‌ಮೆಂಟ್ ಮಾಡಿಸಿದ್ರ ಏನೂ ಆಗಂಗಿಲ್ಲ. ಆದ್ರ ಆಸೆ ಮಾಡಬಾರದು. ಎರಡು ಬೆರಳಿಗೆ ಗಾಡಿ ಗಾಡಿಯಾಗಿರತೈತಿ. ನಾಕು ಬೆರಳಿಗೆ ಒಂಟೆ ಆಕ್ಕೈತಿ.”

“ಅಂದ್ರ ಮೂರು ಹಾಕು!” ಎಂದ ಶ್ರೀಮಂತ. ಸೇಫೋ ಅಲ್ಲವೋ ಎಂದು ಮಾತ್ರ ಅವನು ಕೇಳಲಿಲ್ಲ. ಕೇಳಿದ್ದೆಲ್ಲ ಬೆರಳು.

ಮೂರಕ್ಕೆ ಒಪ್ಪಂದವಾಯಿತು. ಬಾಬುಸಾಬ ಬೈಯುತ್ತಲೇ ಕೆಲಸ ಮಾಡಿದ, ಆದರೆ ಎಂಥ ಕೆಲಸ! ಪ್ರತಿ ಬೋಲ್ಟನ್ನೂ ತಾನೇ ಬಿಗಿದ. ಬ್ರೇಕ್ ಪೈಪು ಎಳೆದುಕೊಳ್ಳದಂತೆ ಸಡಿಲ ಬಿಟ್ಟ. ಗಾಲಿಗಳನ್ನು ನೆಟ್ಟಗೆ ಮಾಡಿಸಿ, ರಸ್ತೆಯಲ್ಲಿ ಓಡಿಸಿ, ಮತ್ತೆ ಬಿಗಿದ. ಜಾಕ್ ಇಳಿಸಿದಾಗ ಅದೇ ಗಾಡಿ ಹೊಸ ಅಳಿಯನ ಹಾಗೆ ಎದೆ ಉಬ್ಬಿಸಿ ನಿಂತಿತ್ತು. ಹೌದು ಅನ್ನಬೇಕು, ಚಂದ ಕಾಣುತ್ತಿತ್ತು.

ತಿಕೋಟಾದಲ್ಲಿ ಚಹಾಕ್ಕೆ ನಿಲ್ಲಿಸಿದರೆ ಜನ ಸುತ್ತುವರಿದರು. “ಏನ್ ಎತ್ತರಪಾ!” “ಮಿಲಿಟ್ರಿ ಗಾಡಿ ಕಂಡಂಗ ಕಾಣತೈತಿ!” ಒಬ್ಬ ಮುದುಕ ಬಂಪರಿಗೆ ಕೈ ಮುಗಿದೇ ಬಿಟ್ಟ. ರಾಹುಲನೂ ಅಲ್ಲಿದ್ದ. ಗಾಡಿಯನ್ನೊಂದು ಸುತ್ತು ಹಾಕಿದ, ಕುಕ್ಕರಗಾಲಲ್ಲಿ ಕೂತು ಕೆಳಗೆ ಇಣುಕಿದ, ಎದ್ದು ಪ್ಯಾಂಟು ಝಾಡಿಸಿಕೊಂಡು ಕೇಳಿದ.

“ಎಲ್ಲಿ ಹಾಕಿಸಿದಿ, ಅಣ್ಣಾ?”

“ಬಾಬುಸಾಬನ ಕಡೆ. ಹೊಟ್ಟಿ ಉರದ್ರ ಹೋಗಿ ನೀನೂ ಹಾಕಿಸ್ಕೋ,” ಎಂದು ಶ್ರೀಮಂತ ಚಹಾ ಅರ್ಧಕ್ಕೇ ಬಿಟ್ಟು ಗಾಡಿ ಎಬ್ಬಿಸಿದ.

ಸ್ಪ್ರಿಂಗು ಬಿಗಿಯಾಗಿತ್ತು. ಪ್ರತಿ ತಗ್ಗಿಗೂ ಸಂಗಣ್ಣನ ತಲೆ ಮೇಲಿನ ತಗಡಿಗೆ ಬಡಿದು ಟೋಪಿ ಚಪಾತಿಯಾಯಿತು.

“ಈಗರ ಹೇಳು ಕಾಕಾ, ಸೇಫ್ ಐತೋ ಇಲ್ಲೋ?”

“ಗಾಡಿ ಸೇಫ್ ಐತಿ. ನನ್ನ ಬೆನ್ನು ಸೇಫ್ ಇಲ್ಲ!”

ತೋಟದ ದಿಬ್ಬ ಬಂತು. ಗುರುಪಾದಯ್ಯ ನೆಲಕ್ಕೆ ಬಗ್ಗಿ ನೋಡುತ್ತ ನಿಂತರು. ಗಾಡಿ ಏರಿತು, ನೆತ್ತಿ ದಾಟಿತು, ಇಳಿಯಿತು. ಒಂದು ಮಣ್ಣಿನ ಹೆಂಟೆಯೂ ಅಲುಗಲಿಲ್ಲ. ಹೆಂಗಸರು ಕೇಕೆ ಹಾಕಿದರು. ಗುರುಪಾದಯ್ಯ ಕೂಡ ಧೋತರದ ಧೂಳು ಒರೆಸಿಕೊಂಡು, “ಶಾಬಾಸ್! ಬೆಕ್ಕು ಕಟ್ಟಿ ದಾಟಿದಂಗ ದಾಟಿಸಿದಿ ನೋಡು,” ಎಂದರು. ಶ್ರೀಮಂತನ ಕೈ ತಾನಾಗಿಯೇ ಮೀಸೆಗೆ ಹೋಯಿತು.

ಆ ಕೈ ಮೀಸೆಯಿಂದ ಇಳಿಯುವ ಮೊದಲೇ ತೊಂದರೆ ಎದುರಿಗೆ ನಿಂತಿತ್ತು. ಅದರ ಹೆಸರು ಸೀತವ್ವ.

ಸೀತವ್ವ ಕೊಯ್ಲಿನ ಹೆಂಗಸರ ಮುಖಂಡಳು. ಗಿಡ್ಡ ಆಳು, ಗಟ್ಟಿ ಆಳು. ಕ್ರೇಟು ತುಂಬಿ ಹೆಗಲಿಗೇರಿಸಿ, ಹೆಗಲಿನಿಂದಲೇ ಗಾಡಿಯ ಹಲಗೆಯ ಮೇಲೆ ಸರಿಸುವುದು ಅವಳ ಪದ್ಧತಿ. ಉಳಿದ ಹೆಂಗಸರೂ ಹಾಗೇ. ಅವಳು ಕ್ರೇಟು ತಂದು ಸರಿಸಿದಳು. ಕ್ರೇಟಿನ ಅಂಚು ಹಲಗೆಗೆ ತಟ್ಟಿ ಹಿಂದಕ್ಕೆ ವಾಲಿತು. ದ್ರಾಕ್ಷಿಯೆಲ್ಲ ಅವಳ ತಲೆಯ ಮೇಲೆ ಸುರಿಯಿತು.

ಯಾರೂ ನಗಲಿಲ್ಲ. ನಗುವ ಧೈರ್ಯ ಆ ಊರಿನಲ್ಲಿ ಯಾರಿಗೂ ಇಲ್ಲ.

“ಯಾಂವಲೇ ಗಾಡಿ ಏರಿಸಿದಾಂವ?”

“ಯಕ್ಕಾ, ಮೂರಽ ಬೆರಳು...”

“ನನ್ನ ಹೆಗಲು ನೋಡಿ ಗಾಡಿ ಮಾಡಸಬೇಕು ತಮ್ಮಾ. ನಿನ್ನ ಗಾಡಿ ನೋಡಿ ನನ್ನ ಹೆಗಲು ಬೆಳಿಯಂಗಿಲ್ಲ. ನಡೀರಿಬೇ, ಬುತ್ತಿ ಬಿಚ್ಚೂಣು!”

ಹೆಂಗಸರು ಬೇವಿನ ನೆರಳಿಗೆ ಹೋಗಿ ಕೂತರು. ಕೊಯ್ದ ದ್ರಾಕ್ಷಿ ಬಿಸಿಲಿಗೆ ಬಾಡತೊಡಗಿತು. ಗುರುಪಾದಯ್ಯನವರ ಮುಖವೂ ಬಾಡಿತು. ಶ್ರೀಮಂತ ಅವಳ ಕಾಲಡಿ ಇಡಲು ಇಟ್ಟಿಗೆ ಹೊತ್ತು ತಂದ. ಸೀತವ್ವ ಅದನ್ನು ಒಲೆ ಮಾಡಿ ಚಹಾಕ್ಕೆ ಇಟ್ಟಳು.

ಚಹಾ ಕುಡಿಯುತ್ತ ಅವಳ ಕಣ್ಣು ದಿಬ್ಬದ ಮೇಲೆ ಬಿತ್ತು. “ಅಯ್ನೋರ, ಗಾಡಿ ಒಳಗ್ಯಾಕ ಬರಬೇಕ್ರಿ? ದಿಬ್ಬದ ಆಚಿಗೆ, ಮಣ್ಣು ತಗದ ತಗ್ಗಿನ್ಯಾಗ ನಿಲ್ಲಸ್ರಿ. ನಾವು ದಿಬ್ಬದ ಮ್ಯಾಲ ನಿಂತು ಕ್ರೇಟ್ ಸರಸ್ತೀವಿ. ಹೆಗಲೂ ಬ್ಯಾಡ, ಗಿಗಲೂ ಬ್ಯಾಡ.”

ಎಂಥ ತಲೆ ಆ ಹೆಂಗಸಿನದು! ಇಷ್ಟು ವರ್ಷ ಎಲ್ಲರೂ ಬೈದ ದಿಬ್ಬ ಒಂದೇ ಮಾತಿಗೆ ಕಟ್ಟೆಯಾಯಿತು. ಶ್ರೀಮಂತ ಕುಣಿಯುತ್ತ ಗಾಡಿ ಹೊರಗೆ ದಾಟಿಸಿ ತಗ್ಗಿನಲ್ಲಿ ನಿಲ್ಲಿಸಿದ. ಸೀತವ್ವ ದಿಬ್ಬದ ಮೇಲೆ ಕ್ರೇಟು ಇಟ್ಟು ದೂಡಿದಳು. ಕ್ರೇಟು ಹೋಗಿ ಹಲಗೆಗೆ ಢಿಕ್ಕಿ ಹೊಡೆದು ನಿಂತಿತು. ಅವಳು ಬಗ್ಗಿ ಕೈ ಇಟ್ಟು ಅಳೆದಳು.

“ಮೂರು ಬೆರಳು ಎತ್ತರ ಐತ್ರಿ. ಕೆಳಗಿದ್ದಿದ್ರ ಜಾರಿ ಹೋಗತಿತ್ತು.”

ಗುರುಪಾದಯ್ಯ ಫೋನು ತೆಗೆದು ಸ್ಪೀಕರಿಗೆ ಹಾಕಿದರು. “ರಾಹುಲ, ಎಲ್ಲಿದ್ದಿ? ನಿನ್ನ ಗಾಡಿ ತಗಿಯಪಾ, ನನಗ ಕೆಳಗಿರೂ ಗಾಡಿ ಬೇಕಾಗೈತಿ.”

“ಬಾಬುಸಾಬನ ಗ್ಯಾರೇಜನ್ಯಾಗ ಅದೀನ್ರಿ, ಅಯ್ನೋರ. ಸ್ಪೇಸರ್ ಹಾಕಸಾಕ ಬಂದೀನ್ರಿ. ಗಾಡಿ ಜಾಕಿನ ಮ್ಯಾಲ ಐತ್ರಿ.”

ಶ್ರೀಮಂತ ಗಂಟಲು ಹರಿಯುವಂತೆ ನಕ್ಕ. “ಅವಂದೂ ಏರೇತ್ರಿ!”

“ಹಂಗಾರ ಇಬ್ಬರೂ ಕೇಳ್ರಿ,” ಎಂದರು ಗುರುಪಾದಯ್ಯ. “ಯಾರ ಗಾಡಿ ಮೊದಲ ಇಳದು ಬರತೈತಿ, ಸುಗ್ಗಿ ಅವರದು.”

ಶ್ರೀಮಂತ ಹಾರಿ ಕೂತ. ಅವನ ಬೆನ್ನಿಗೆ ಸಂಗಣ್ಣ, ಟೋಪಿ ಕೈಯಲ್ಲಿ ಹಿಡಿದುಕೊಂಡೇ ಹತ್ತಿದ. ಗಾಡಿ ಏನು ಓಡಿತು ಅಂತೀರಿ! ಮೂಲೆಗಳಲ್ಲಿ ವಾಲಲಿಲ್ಲ, ಬ್ರೇಕು ಸೋಲಲಿಲ್ಲ, ಸ್ಟಿಯರಿಂಗು ಒಂದು ಸಲವೂ ನಡುಗಲಿಲ್ಲ. ಬಾಬುಸಾಬನ ಕೈಗೆ ಬಂಗಾರದ ಕಡಗ ತೊಡಿಸಬೇಕು.

ತಿಕೋಟಾ ದಾಟಿದ ಮೇಲೆ ಎದುರಿನಿಂದ ಒಂದು ಪಿಕಪ್ ಬಂತು. ತಗ್ಗಾಗಿ, ನೆಲಕ್ಕೆ ಹೊಟ್ಟೆ ಹಚ್ಚಿ ಬರುವ ಉಡದ ಹಾಗೆ ಬಂತು. ಒಳಗಿನಿಂದ ರಾಹುಲ ಕೈ ಬೀಸಿದ.

ಗ್ಯಾರೇಜಿನಲ್ಲಿ ಬಾಬುಸಾಬ ಚಹಾ ಕುಡಿಯುತ್ತ ಕೂತಿದ್ದ.

“ಅವಂದು ಎಷ್ಟ ಲಗೂ ಬಿಚ್ಚಿದಿ, ಉಸ್ತಾದ?” ಶ್ರೀಮಂತ ಇಳಿಯುತ್ತಲೇ ಕೇಳಿದ.

“ಬಿಚ್ಚೂದೇನಿತ್ತು? ಜಾಕ್ ಅಷ್ಟಽ ಏರಿಸಿದ್ದೆ. ಫೋನ್ ಬಂತು, ಇಳಸು ಅಂದ. ಇಳಸಿದೆ, ಹೋದ.”

ಶ್ರೀಮಂತ ಗಾಡಿಯ ಬಂಪರಿಗೆ ಒರಗಿ ಕೂತ. ಆ ದಿನ ಮೊದಲ ಸಲ, ಉಸ್ತಾದನಿಗೆ ಸೇಫಿನ ಮಾತು ಕೇಳಿದ.

“ಈ ಸ್ಪೇಸರ್ ಬಿಚ್ಚಿದ್ರ ಪಾಟಾಕ್ಕ ಏನರ ಆಕ್ಕೈತೇನು?”

“ಏನೂ ಆಗಂಗಿಲ್ಲ. ಬಿಚ್ಚಿದ್ರೂ ಸೇಫ್, ಇಟ್ಟರೂ ಸೇಫ್.”

ಸಂಗಣ್ಣ ಗಾಡಿಯನ್ನು ದೂರ ನಿಂತು ನೋಡಿದ. ಬೆಳಿಗ್ಗೆಯಿಂದ ಬೈದ ಬಾಯಿ ಕಡೆಗೂ ಕರಗಿತು.

“ಬಿಚ್ಚಬ್ಯಾಡಲೇ ಶ್ರೀಮಂತ, ಇರ್ಲಿ. ಮನಿ ಮುಂದ ನಿಲ್ಲಸಾಕ ಭಾಳ ಚಂದ ಐತಿ.”