ಬುಧವಾರದ ಕೋಟು

ಹಾವು, ಹೊಳೆಯ ನೆರೆ ಇಂಥವಕ್ಕೆಲ್ಲ ನಾನು ಹೆದರುವವನಲ್ಲ. ಆದರೆ ಬೆನ್ನ ಹಿಂದೆ ಯಾರಾದರೂ ನಕ್ಕರೆ ಹಾಕುತ್ತಿರುವ ಹೊಲಿಗೆ ಸೊಟ್ಟಗಾಗುತ್ತದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಕೂಳೂರಿನಲ್ಲಿ ಸ್ವಂತ ಮಿಷನ್ ಹಾಕಿ, ಕೋಟು ಹೊಲಿಯುವ ಟೈಲರ್ ಅನ್ನಿಸಿಕೊಂಡವನು ನಾನು. ಮಿಷನ್ ಗೋಡೆಯ ಕಡೆಗಿರುವುದರಿಂದ ದಿನವಿಡೀ ನನ್ನ ಬೆನ್ನು ರಸ್ತೆಗೆ. ಊರಿನವರು ನಕ್ಕದ್ದೆಲ್ಲ ಅದರ ಮೇಲೆಯೇ ಬೀಳುತ್ತದೆ.

ಇಷ್ಟಕ್ಕೆಲ್ಲ ಕಾರಣ ಹಡಗಿನಲ್ಲಿ ಅಡಿಗೆಯವನಾಗಿದ್ದ ನನ್ನ ಬಾವ. ಲಂಡನ್ನಿನಲ್ಲಿ ಅವನು ಟೆಲಿವಿಷನ್ ಎಂಬ ಪೆಟ್ಟಿಗೆ ನೋಡಿ ಬಂದ. ಅದರೊಳಗೆ ವಾರ ವಾರವೂ ಅದೇ ಮನುಷ್ಯರು ಬಂದು ಅದೇ ಮಾತು ಹೇಳುತ್ತಾರಂತೆ, ಅವರು ಬಾಯಿ ತೆರೆಯುವ ಮೊದಲೇ ಬಿಳಿಯರು ನಗುತ್ತಾರಂತೆ. ಒಂದೇ ಮಾತನ್ನು ದಿನಾ ಹೇಳಿದರೆ ನಮ್ಮಲ್ಲಿ ಜಗಳವಾಗುತ್ತದೆ. ನಗು ಹೇಗೆ ಬರುತ್ತದೆಂದು ನನಗೆ ತಿಳಿಯಲಿಲ್ಲ. ನಮ್ಮ ಯುವಕ ಮಂಡಲದವರಿಗೆ ಕೂಡಲೇ ತಿಳಿಯಿತು. ತಿಂಗಳಿಗೊಮ್ಮೆ ಶಾಲೆಯ ಜಗಲಿಯಲ್ಲಿ ಅವರು ಆಡುವ ಕಿರುನಾಟಕಗಳಲ್ಲಿ ಒಬ್ಬ ಹೋಟೆಲಿನವನು ಪ್ರತಿಸಲ ಬಂದು, ತಂಗಳು ಬನ್ಸ್ ಮುಂದಿಟ್ಟು, "ಈಗ ಇಳಿಸಿದ್ದಷ್ಟೆ" ಅನ್ನತೊಡಗಿದ. ಮೂರನೆಯ ತಿಂಗಳಿಗೆ ಊರಿನ ನಿಜವಾದ ಹೋಟೆಲಿನವರು ಗಲ್ಲಾದಲ್ಲಿ ಕೂರುವುದನ್ನೇ ಬಿಟ್ಟರು. ಅವರು ಕೆಮ್ಮಿದರೂ ಗಿರಾಕಿಗಳು "ಈಗ ಇಳಿಸಿದ್ದಷ್ಟೆ" ಎನ್ನುತ್ತಿದ್ದರು.

ಹೀಗಿರುವಾಗ ಮಂಡಲದ ಮುಖ್ಯ ನಟ ಶೇಖರ ನನ್ನ ಅಂಗಡಿಗೆ ಬಂದ. ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಯಾರ ನಡಿಗೆಯನ್ನೂ ಹತ್ತು ಹೆಜ್ಜೆಯಲ್ಲಿ ಕದಿಯುವವನು. ವಾರ್ಷಿಕೋತ್ಸವದ ನಾಟಕಕ್ಕೆ ಕೋಟು ಬೇಕೆಂದ. ಎಂಥದ್ದು ಎಂದು ಕೇಳಿದೆ.

"ನಿಮ್ಮ ಮೈಮೇಲಿನ ಕೋಟಿನ ಹಾಗೆಯೇ ಮಾಸ್ಟ್ರೇ. ಕಾಲರಿನಲ್ಲಿ ಸೂಜಿ ಕುತ್ತಲಿಕ್ಕೆ ಜಾಗ ಇರಲಿ."

ಟೇಪು ಅವನ ಎದೆಯ ಮೇಲೆಯೇ ನಿಂತಿತು. ಈ ಸಲದ ಪಾತ್ರ ಯಾರು, ಮಾತು ಯಾವುದು ಎಂದು ನನಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಹದಿನೈದು ವರ್ಷಗಳಿಂದ ಗಿರಾಕಿಗಳಿಗೆಲ್ಲ "ಬುಧವಾರ ಖಂಡಿತ" ಎನ್ನುತ್ತ ಬಂದಿದ್ದೇನೆ. ಯಾವ ಬುಧವಾರವೆಂದು ಮಾತ್ರ ಯಾರಿಗೂ ಹೇಳಿದವನಲ್ಲ.

"ಯಾವಾಗ ಆಗ್ತದೆ ಮಾಸ್ಟ್ರೇ?" ಎಂದ ಶೇಖರ, ಕಿವಿ ನೆಟ್ಟಗೆ ಮಾಡಿ. ನಾನು ಬಾಯಿಗೆ ಬಂದದ್ದನ್ನು ನುಂಗಿ, "ಸೋಮವಾರ" ಅಂದೆ. ಅವನ ಮುಖ ಸಣ್ಣದಾಯಿತು.

ಕೋಟನ್ನು ಹೇಳಿದ ದಿನಕ್ಕೆ ಮೊದಲೇ ಕೊಟ್ಟುಬಿಟ್ಟರೆ ಆ ತಮಾಷೆಯನ್ನು ಯಾರು ನಂಬುತ್ತಾರೆ? ನನ್ನ ಹೆಸರು ಉಳಿಯಲು ಅದೊಂದೇ ದಾರಿ ಕಂಡಿತು. ಬೇರೆ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ಮೂಲೆಗೆ ಹಾಕಿದೆ. ಬಾಗಿಲಲ್ಲಿ ನೆರಳಾದರೆ ಸಾಕು, ಹೋಟೆಲಿನವರ ಅವಸ್ಥೆ ನೆನಪಾಗಿ ಮಿಷನ್ ಇನ್ನೂ ಜೋರಾಗಿ ಓಡುತ್ತಿತ್ತು. ಊಟಕ್ಕೂ ಏಳದ್ದನ್ನು ಕಂಡು ಹೆಂಡತಿ ನನಗೆ ಮರ್ಲು ಹಿಡಿದಿದೆಯೆಂದೇ ತಿಳಿದಳು. ಶನಿವಾರವೇ ಕೋಟು ಶೇಖರನ ಮನೆ ಸೇರಿತು.

ವಾರ್ಷಿಕೋತ್ಸವದ ದಿನ ಕೊನೆಯ ಸಾಲಿನಲ್ಲಿ ಕಂಬದ ಮರೆಗೆ ಕುಳಿತೆ. ಶೇಖರ ಬಂದ. ಕೋಟು ಅವನ ಭುಜಕ್ಕೆ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಊರಿನಲ್ಲಿ ಅದನ್ನು ಹೊಲಿಯಬಲ್ಲವನು ಒಬ್ಬನೇ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. "ಬುಧವಾರ ಖಂಡಿತ" ಎಂದ. ಯಾರೂ ನಗಲಿಲ್ಲ. ಗೆದ್ದೆನೆಂದುಕೊಂಡೆ. ಆಗ ಕಂಡಿತು, ಎಲ್ಲರೂ ತಮ್ಮ ತಮ್ಮ ಅಂಗಿ ನೋಡಿಕೊಳ್ಳುತ್ತಿದ್ದರು. ಉತ್ಸವಕ್ಕೆಂದು ಅವರು ಕೊಟ್ಟಿದ್ದ ಹೊಸ ಬಟ್ಟೆ ನನ್ನ ಮೂಲೆಯ ಗಂಟಿನಲ್ಲಿತ್ತು. ಕಾಲರು ಹರಿದ ಹಳೆ ಅಂಗಿಯಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಮಂಡಲದ ಅಧ್ಯಕ್ಷರೇ ಮೊದಲು ನಕ್ಕರು. ಆಮೇಲೆ ಇಡೀ ಸಭೆ ನಗುತ್ತ ಕಂಬದ ಕಡೆಗೆ ತಿರುಗಿತು.

ಮನೆಗೆ ನಡೆಯುವಾಗ, ಅದು ನಾನೇ ಎಂದು ಜನರಿಗೆ ಗೊತ್ತಾಗಿರಬಹುದೇ ಎಂದು ಹೆಂಡತಿಯನ್ನು ಕೇಳಿದೆ.

"ನಿಮಗೆ ಬಟ್ಟೆ ಕೊಡದವರಿಗೆ ಗೊತ್ತಾಗ್ಲಿಕ್ಕಿಲ್ಲ" ಅಂದಳು.

ಅಂಥವರು ಯಾರಿದ್ದಾರೆಂದು ಮನೆ ಮನೆಯಾಗಿ ನೆನಪಿಸಿಕೊಂಡೆ. ಕೂಳೂರಿನಲ್ಲಿ ಒಬ್ಬರೂ ಸಿಗಲಿಲ್ಲ. ನಾಳೆಯಿಂದ ಊರಿಗೆ ಊರೇ ನನ್ನ ಬೆನ್ನ ಹಿಂದೆ ನಗುವುದೆಂದು ಹೆದರಿಕೆಯಾಯಿತು. ಆದರೂ ಎದೆ ಒಂದಿಷ್ಟು ಉಬ್ಬಿದ್ದು ಸುಳ್ಳಲ್ಲ.