ಖಾಲಿ ಕಳಿಸಬಾರದ ಜಿಪ್ ಫೈಲು

ಹೂವಮ್ಮ: ಖಾಲಿ ಕಳಿಸಬಾರದು ಅಂದ್ರೆ ಕಳಿಸಬಾರದು. ಬೀಗರ ಮನೆಯಿಂದ ಬಂದಿದ್ದು ರೀ ಅದು.

ಗುತ್ಯಪ್ಪ: ಅದೇನು ಸ್ಟೀಲ್ ಡಬ್ಬಿ ಏನೇ? ಜಿಪ್ ಫೈಲು. ಅದನ್ನ ಲೋಕದಾಗೆ ಯಾರೂ ವಾಪಸ್ ಕಳಿಸಲ್ಲ.

ಹೂವಮ್ಮ: ಮತ್ತೆ? ಅವರ ಸಾಮಾನು ನಮ್ಮನೇಲೇ ಇಟ್ಕೊಂಡು ಕೂರೋದಾ?

ಅಂಜನಾಪುರದ ಗುತ್ಯಪ್ಪನ ನಡುಮನೆ. ಹೋದ ವಾರ ಇದೇ ಮನೆಯಲ್ಲಿ ಮಗಳು ರಮ್ಯಳ ನಿಶ್ಚಿತಾರ್ಥ ಆಯಿತು. ಆ ದಿನದ ಫೋಟೊಗಳನ್ನೆಲ್ಲ ಸೊರಬದ ಬೀಗರು ಒಂದೇ ಜಿಪ್ ಫೈಲಿನಲ್ಲಿ ಕಟ್ಟಿ ಇಮೇಲಿಗೆ ಹಾಕಿದ್ದಾರೆ. ರಮ್ಯ ಬ್ಲೌಸ್ ಹೊಲಿಸಲು ಶಿಕಾರಿಪುರಕ್ಕೆ ಹೋಗಿರುವುದರಿಂದ ಕಂಪ್ಯೂಟರಿನ ಮುಂದೆ ಅಪ್ಪನೇ ಕೂತಿದ್ದಾನೆ. ಮಗಳ ಬೆನ್ನ ಹಿಂದೆ ನಿಂತು ನೋಡಿ ಕಲಿತ ವಿದ್ಯೆ. ಧೈರ್ಯಕ್ಕಂತೂ ಏನೂ ಕೊರತೆಯಿಲ್ಲ.

ಗುತ್ಯಪ್ಪ: ನೋಡಿಲ್ಲಿ. ಎಕ್ಸ್‌ಟ್ರ್ಯಾಕ್ಟ್ ಅಂತ ಒತ್ತಿದೆ, ಫೋಟೊ ಎಲ್ಲ ಹೊರಗೆ ಬಂದ್ವು.

ಹೂವಮ್ಮ: ಅದನ್ನೇ ನಾನು ಹೇಳಿದ್ದು. ಎಲ್ಲಾ ಸುರಕೊಂಡ್ರಿ, ಡಬ್ಬಿ ಖಾಲಿ ಆತು.

ಗುತ್ಯಪ್ಪ: ಆಗಲ್ಲ ಕಣೇ. ಒಳಗೂ ಹಂಗೇ ತುಂಬೈತಿ, ಹೊರಗೂ ಬಂದಾವು.

ಹೂವಮ್ಮ: ತೆಗೆದ್ರೂ ಮುಗಿಯಲ್ವಾ?

ಗುತ್ಯಪ್ಪ: ಮುಗಿಯಲ್ಲ.

ಹೂವಮ್ಮ: ಇಷ್ಟು ಒಳ್ಳೆ ಡಬ್ಬಿ ಇಟ್ಕೊಂಡು ಬರೀ ಫೋಟೊ ಹಾಕ್ತಾರಲ್ಲ ಜನ. ಸ್ವಲ್ಪ ತೊಗರಿಬೇಳೆ ಹಾಕಿ ನೋಡ್ರಿ.

ಗುತ್ಯಪ್ಪ: ನಿನ್ನ ಹತ್ರ ಮಾತಾಡೋದೂ ಒಂದೇ, ಎಮ್ಮೆ ಮುಂದೆ ಕಿನ್ನರಿ ಬಾರಿಸೋದೂ ಒಂದೇ.

ಹೂವಮ್ಮ: ಬಾರ್ಸಿದ್ದು ಸಾಕು. ಖಾಲಿ ಆಗಿಲ್ಲ ಅಂದ್ರೆ ಇನ್ನೂ ಕೆಟ್ಟದ್ದು. ಅವರ ಪಲ್ಯ ಅವರಿಗೇ ವಾಪಸ್ ಕಳಿಸಿದಂಗೆ ಆಗ್ತೈತಿ. ಮೇಲೆ ನಮ್ದು ಏನಾದ್ರೂ ಹಾಕಿ ಕಳಿಸ್ರಿ.

ಗುತ್ಯಪ್ಪ: ಕಳಿಸದೇ ಇದ್ರೆ ಏನಾಗ್ತೈತಿ?

ಹೂವಮ್ಮ: ಏನಾಗ್ತೈತಿ? ನಾನು ಈ ಮನೆಗೆ ಬಂದ ವರ್ಷ ನಮ್ಮವ್ವ ಮರೆತು ನಿಮ್ಮನೆ ಡಬ್ಬಿ ಖಾಲಿ ಕಳಿಸಿದ್ಲು. ನಿಮ್ಮವ್ವ ಅದನ್ನ ಸಾಯೋ ತನಕ ಆಡಿದ್ರು.

ಗುತ್ಯಪ್ಪ: ಸುಳ್ಳು ಹೇಳಬೇಡ. ನಮ್ಮವ್ವ ಒಂದೇ ಸಲ ಅಂದಿದ್ದು.

ಹೂವಮ್ಮ: ಹೌದು, ದಿನಕ್ಕೆ.

ಗುತ್ಯಪ್ಪ ಮೌಸನ್ನು ಸುಮ್ಮನೆ ಅತ್ತಿತ್ತ ಆಡಿಸಿದ. ಹೂವಮ್ಮನ ದನಿ ಸಣ್ಣದಾಯಿತು.

ಹೂವಮ್ಮ: ನಮ್ಮ ಹುಡುಗಿ ನಾಳೆ ಆ ಮನೇಲಿ ಬಾಳಬೇಕು ರೀ. ನಾನು ಕೇಳಿದ ಮಾತು ಅವಳು ಕೇಳಬಾರದು.

ಮಗಳ ಹೆಸರು ಬಂದ ಮೇಲೆ ಗಂಡಸಿನ ವಾದಕ್ಕೆ ಕಾಲೇ ಇರುವುದಿಲ್ಲ.

ಗುತ್ಯಪ್ಪ: ಆತು ಮಾರಾಯ್ತಿ. ಏನು ಹಾಕ್ಲಿ ಹೇಳು.

ಹೂವಮ್ಮ: ಕರಜಿಕಾಯಿ.

ಗುತ್ಯಪ್ಪ: ಕಂಪ್ಯೂಟರ್‌ನಾಗೆ?

ಹೂವಮ್ಮ: ಫೋಟೊ ರೀ. ಬೆಳಿಗ್ಗೆ ಕರಿದಿದ್ದು ತಟ್ಟೇಲಿ ಜೋಡಿಸಿ ತರ್ತೀನಿ. ಶುಭಕ್ಕೆ ಸಿಹಿ ಇರ್ಲಿ.

ತಟ್ಟೆ ಬಂತು. ಗುತ್ಯಪ್ಪ ಒಂದು ಕೈಯಲ್ಲಿ ಫೋನು ಹಿಡಿದ, ಇನ್ನೊಂದು ಕೈ ತಾನಾಗಿಯೇ ತಟ್ಟೆಗೆ ಹೋಯಿತು.

ಹೂವಮ್ಮ: ಫೋಟೊ ತೆಗೆದ ಮೇಲೆ ತಿನ್ರಿ. ಹಲ್ಲು ಬಿದ್ದ ಬಾಯಿ ತರ ಕಾಣ್ತೈತಿ ತಟ್ಟೆ.

ಗುತ್ಯಪ್ಪ: ಉಳಿದಿದ್ದನ್ನ ಸರಿಸು, ಮುಚ್ಚಿ ಹೋಗ್ತೈತಿ.

ಹೂವಮ್ಮ: ಅಲ್ರೀ, ಜಿಪ್ ಅಂದ್ರೆ ಒತ್ತಿ ಒತ್ತಿ ತುಂಬೋದು ಅಂತಿದ್ಲು ರಮ್ಯ. ಕರಜಿಕಾಯಿ ಮುರಿಯಲ್ಲಾ?

ಗುತ್ಯಪ್ಪ: ಬಿಚ್ಚಿದ ಮೇಲೆ ಹೆಂಗಿತ್ತೋ ಹಂಗೇ ಬರ್ತೈತಿ. ಅದೇ ಅದರ ಮಜಾ.

ವೈರು ಸಿಕ್ಕಿಸಿ ಫೋನಿನ ಫೋಟೊಗಳನ್ನು ಕಂಪ್ಯೂಟರಿಗೆ ಇಳಿಸಿದ್ದಾಯಿತು. ಕರಜಿಕಾಯಿಯ ಜೊತೆಗೆ ನಿಶ್ಚಿತಾರ್ಥದ ದಿನ ಗುತ್ಯಪ್ಪ ತಾನೇ ತೆಗೆದ ಫೋಟೊಗಳೂ ಅದೇ ಫೋಲ್ಡರಿನಲ್ಲಿ ಬಂದು ಕೂತವು.

ಗುತ್ಯಪ್ಪ: ಕರಜಿಕಾಯಿ ಒಂದೇ ಹಾಕ್ಲಾ, ಆರಿಸಿ ಇನ್ನೊಂದೆರಡು ಹಾಕ್ಲಾ?

ಹೂವಮ್ಮ: ಆರಿಸ್ತಾ ಕೂತ್ರೆ ರಾಹುಕಾಲ ಬಂದು ಮುಂದೆ ಕೂತ್ಕತೈತಿ. ಪೂರ್ತಿ ಹಾಕ್ರಿ. ಬೀಗರಿಗೆ ಕೊಡುವಾಗ ಕೈ ಬಿಗಿ ಹಿಡೀಬಾರದು.

ಗುತ್ಯಪ್ಪ ಫೋಲ್ಡರನ್ನು ಇಡಿಯಾಗಿ ಎಳೆದು ಬೀಗರ ಜಿಪ್ಪಿನೊಳಗೆ ಬಿಟ್ಟ. ಕಳಿಸುವ ಗುಂಡಿಯನ್ನು ಹೂವಮ್ಮ ತಾನೇ ಬಲಗೈಯಿಂದ ಒತ್ತಿದಳು. ಫೈಲು ಹೋಯಿತು. ಇಬ್ಬರೂ ಊಟ ಮುಗಿಸಿ ಬಂದು ಒಂದೊಂದು ಕರಜಿಕಾಯಿ ಬಾಯಿಗೆ ಹಾಕಿಕೊಂಡರು.

ಹೂವಮ್ಮ: ಈಗ ಜೀವಕ್ಕೆ ಸಮಾಧಾನ ಆತು. ಅಂದಂಗೆ, ನೀವು ತೆಗೆದಿದ್ದು ಯಾವ ಯಾವ ಫೋಟೊ?

ಗುತ್ಯಪ್ಪ: ಉಂಗುರ ಹಾಕಿದ್ದು. ಊಟದ ಪಂಕ್ತಿ. ಆಮೇಲೆ ಹಿತ್ತಲ ಬಾಗಿಲ ಹತ್ರ...

ಅಗಿಯುತ್ತಿದ್ದ ಬಾಯಿ ನಿಂತಿತು.

ಹೂವಮ್ಮ: ಹಿತ್ತಲ ಬಾಗಿಲ ಹತ್ರ ಯಾವುದು?

ಗುತ್ಯಪ್ಪ: ಬೀಗಿತ್ತಿ. ನಾವು ಕೊಟ್ಟ ಸೀರೆ.

ಹೂವಮ್ಮ: ಅಯ್ಯೋ ಶಿವನೇ. ಜರಿ ಅಸಲೀನಾ ಅಂತ ಅವರು ಟಾರ್ಚ್ ಹಾಕಿ ಸೀರೆ ಅಂಚು ಉಗುರಲ್ಲಿ ಕೆರೀತಿದ್ರಲ್ಲ, ಅದಾ?

ಗುತ್ಯಪ್ಪ: ಅದೇ. ಹತ್ತಿರದಿಂದ ಒಂದು, ದೂರದಿಂದ ಎರಡು.

ಹೂವಮ್ಮ: ಅಂಥದ್ದನ್ನ ಯಾರಾದ್ರೂ ಫೋಟೊ ತೆಗೀತಾರಾ?

ಗುತ್ಯಪ್ಪ: 'ಬೇಗ ತೆಗೀರಿ, ನಮ್ಮಕ್ಕನಿಗೆ ತೋರಿಸ್ಬೇಕು' ಅಂತ ನನ್ನ ಸೊಂಟಕ್ಕೆ ತಿವಿದೋರು ಯಾರು?

ಹೂವಮ್ಮ: ನಾನು ತಿವಿದೆ ಅಂತ ತೆಗೆಯೋದಾ? ಮೂವತ್ತು ವರ್ಷದಾಗೆ ನನ್ನ ಮಾತು ಕೇಳಿದ್ದು ಅದೊಂದೇ ಸಲ. ವಾಪಸ್ ಎಳೀರಿ ಅದನ್ನ.

ಗುತ್ಯಪ್ಪ: ಕಳಿಸಿದ ಮೇಲೆ ಮುಗೀತು. ಅದೇನು ಬಾವಿಗೆ ಬಿಟ್ಟ ಕೊಡಪಾನಾ, ಹಗ್ಗ ಹಿಡಿದು ಎಳೆಯೋಕೆ?

ಹೂವಮ್ಮ: ಅವರಿಗೆ ಬಿಚ್ಚೋಕೆ ಬರದಿರ್ಲಪ್ಪ ದೇವರೇ.

ಗುತ್ಯಪ್ಪ: ಕಟ್ಟಿ ಕಳಿಸಿದೋರೇ ಅವರು. ಬಿಚ್ಚೋಕೆ ಬರಲ್ವಾ?

ಹೂವಮ್ಮನ ಕಣ್ಣಲ್ಲಿ ನೀರು ಬಂತು. ಮಗಳ ಮಾನ ಉಳಿಸಲು ಹೋಗಿ ತಾನೇ ಕಳೆದೆನಲ್ಲ ಎಂದು ನಿಜವಾಗಿ ಸಂಕಟವಾಯಿತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಸೊರಬದ ಬೀಗಿತ್ತಿ. ಗುತ್ಯಪ್ಪ ಫೋನನ್ನು ಹೆಂಡತಿಯ ಕಡೆ ತಳ್ಳಿದ, ಹೂವಮ್ಮ ಗಂಡನ ಕಡೆ ತಳ್ಳಿದಳು. ತಳ್ಳಾಟದಲ್ಲಿ ಯಾರದೋ ಬೆರಳು ತಾಗಿ ಕರೆಯೂ ಎತ್ತಿಕೊಂಡಿತು, ಸ್ಪೀಕರೂ ಆನ್ ಆಯಿತು.

ಬೀಗಿತ್ತಿ: ಬೀಗರೇ, ಫೈಲು ಬಂತು. ಬಿಚ್ಚಿದ್ವಿ. ಒಂದೊಂದೇ ನೋಡಿದ್ವಿ.

ಹೂವಮ್ಮ: ಒಂದೊಂದೇನಾ?

ಬೀಗಿತ್ತಿ: ದೊಡ್ಡದು ಮಾಡಿ ನೋಡಿದ್ವಿ. ನಮ್ಮನೆಯವ್ರು ಇನ್ನೂ ನಗ್ತಾನೇ ಇದಾರೆ.

ಹೂವಮ್ಮ: ಅದು ಏನಾತು ಅಂದ್ರೆ ಬೀಗರೇ, ಇವರಿಗೆ ಕೈ ತಪ್ಪಿ...

ಬೀಗಿತ್ತಿ: ಎಂತ ಕೈ ತಪ್ಪೋದು ಮಾರಾಯ್ರೆ. ನಾವೂ ಈಗಷ್ಟೇ ಆ ಫೈಲು ತಿರುಗಿಸಿ ಕಳಿಸಿದೀವಿ. ನೀವು ತುಂಬಿಸಿ ಕಳಿಸಿದ ಮೇಲೆ ನಾವು ಖಾಲಿ ಕಳಿಸೋಕಾಗತ್ತಾ? ಬಿಚ್ಚಿ ನೋಡಿ. ನಾನು ಹಿಡ್ಕೊಂಡಿರ್ತೀನಿ.

ಗುತ್ಯಪ್ಪ ಎಕ್ಸ್‌ಟ್ರ್ಯಾಕ್ಟ್ ಒತ್ತಿದ. ಹೊಸದಾಗಿ ಬಂದದ್ದು ಒಂದೇ ಫೋಟೊ. ಅದೇ ಮನೆ, ಅದೇ ದಿನ, ದೇವರ ಕೋಣೆಯ ಮರೆ. ಬೀಗರು ಕೊಟ್ಟ ಸೀರೆಯ ಅಂಚನ್ನು ಹೂವಮ್ಮ ಉಗುರಿನಿಂದ ಕೆರೆಯುತ್ತಿದ್ದಾಳೆ. ಪಕ್ಕದಲ್ಲಿ ಬಗ್ಗಿ ನಿಂತು ಟಾರ್ಚ್ ಹಿಡಿದಿರುವವನು ಗುತ್ಯಪ್ಪ. ಬಾಯಲ್ಲಿ ಆವತ್ತೂ ಕರಜಿಕಾಯಿ.

ಹೂವಮ್ಮ ಮೊದಲು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅದನ್ನೂ ಬಿಟ್ಟು ನೆಲಕ್ಕೆ ಕೂತು ನಗತೊಡಗಿದಳು. ಆ ಕಡೆ ಸೊರಬವೂ ನಗುತ್ತಿತ್ತು.

ಬೀಗಿತ್ತಿ: ರಮ್ಯನ ಬಗ್ಗೆ ಚಿಂತೆ ಬಿಡಿ. ಅವಳಿಗೆ ಇಲ್ಲಿ ಹೊಸದು ಅಂತ ಅನ್ನಿಸೋದೇ ಇಲ್ಲ, ತವರುಮನೆ ಬುದ್ಧಿನೇ ನಮ್ದೂ. ಒಂದೇ ಒಂದು ತೊಂದ್ರೆ ಆಗಿದೆ.

ಹೂವಮ್ಮ: ಏನ್ರೀ ಅದು?

ಬೀಗಿತ್ತಿ: ಆ ತಟ್ಟೆ ಕರಜಿಕಾಯಿ. ಎಷ್ಟು ಎಕ್ಸ್‌ಟ್ರ್ಯಾಕ್ಟ್ ಒತ್ತಿದ್ರೂ ಹೊರಗೆ ಬರ್ತಿಲ್ಲ. ಅದಕ್ಕೆ ಎಂತ ಒತ್ಬೇಕು ಅಂತ ಬೀಗರನ್ನ ಕೇಳಿ.

ಗುತ್ಯಪ್ಪ: ಅದಕ್ಕೆ ಒತ್ತೋದಲ್ಲ, ಶಿರಾಳಕೊಪ್ಪದ ಮೇಲೆ ನಮ್ಮೂರಿಗೆ ಬರೋ ಬಸ್ಸು ಹತ್ತೋದು ಅಂತ ಹೇಳೇ. ಡಬ್ಬಿ ಮಾತ್ರ ಅವರೇ ತರ್ಲಿ, ಖಾಲಿ ಇದ್ರೂ ಪರವಾಗಿಲ್ಲ.